ಸುಗ್ರೀವಾಜ್ಞೆ

ಆಕ್ಸಲಾಟ್ಲ್ ಎಂಬ ಪ್ರಾಣಿಗೆ ಕಾಲು ತುಂಡಾದರೆ ಹೊಸ ಕಾಲು ಬರುತ್ತದೆ. ಬಾಲ ಹೋದರೆ ಬಾಲ. ಬೆನ್ನುಹುರಿ ಕಡಿದರೂ ಬೆಸೆದುಕೊಳ್ಳುತ್ತದೆ, ಹೃದಯದ ಒಂದು ತುಣುಕು ಹೋದರೂ ತಾನೇ ತುಂಬಿಸಿಕೊಳ್ಳುತ್ತದೆ, ಅದೂ ಒಂದು ಕಲೆ ಉಳಿಯದಂತೆ. ಇದರ ಗುಟ್ಟೇನೆಂದು ತಲೆ ಕೆಡಿಸಿಕೊಂಡ ವಿಜ್ಞಾನಿಗಳು 2018ರಲ್ಲಿ ಅದರ ಜೀನೋಮ್ ಬಿಡಿಸಿ ಪ್ರಕಟಿಸಿದರು. ಸುಮಾರು 3,200 ಕೋಟಿ ಅಕ್ಷರಗಳು. ಮನುಷ್ಯನದರ ಹತ್ತು ಪಟ್ಟು. ಇಷ್ಟೆಲ್ಲ ಬಲ್ಲ ಪ್ರಾಣಿಯ ಆರೈಕೆಯ ಭಾರ ಬಿದ್ದದ್ದು, ಜಾರಿದ ಟವೆಲ್ ಎತ್ತಲು ಬಗ್ಗಿದರೆ ಸೊಂಟ ಹಿಡಿದುಕೊಂಡು ಮೇಲೇಳಲಾಗದ ನನ್ನ ಮೇಲೆ.

2021ರಲ್ಲಿ ಮೈನ್‌ಕ್ರಾಫ್ಟ್ ಆಟದೊಳಗೆ ಆಕ್ಸಲಾಟ್ಲ್ ಬಂತು. ಅಲ್ಲಿಂದ ಜಗತ್ತಿನ ಮಕ್ಕಳ ತಲೆಯೊಳಗೆ ಹೋಯಿತು. ನಮ್ಮ ಮಗಳ ತಲೆಯಿಂದ ಕತ್ರಿಗುಪ್ಪೆಯ ನಮ್ಮ ಮನೆಯ ಹಾಲಿಗೆ ಬರಲು ಒಂದು ಹುಟ್ಟುಹಬ್ಬ ಸಾಕಾಯಿತು. ನಾಯಿ ತಂದರೆ ವಾಕಿಂಗ್ ಕರೆದುಕೊಂಡು ಹೋಗಬೇಕು. ಬೆಕ್ಕು ತಂದರೆ ಅಮ್ಮ ಹಾಲಿನ ಪಾತ್ರೆ ಕಾಯುತ್ತ ಕೂರಬೇಕು. ನೀರಲ್ಲಿ ಬಿದ್ದಿರುವ ಪ್ರಾಣಿ ಅಂದರೆ ಏನು ಮಹಾ ಕೆಲಸ ಎಂದು ಲೆಕ್ಕ ಹಾಕಿ ಒಪ್ಪಿದವನು ನಾನೇ. ಅಂಗಡಿಯವನು ಜೋಡಿಯಾಗಿ ಕೊಟ್ಟ. 'ಒಂದೇ ಇದ್ರೆ ಬೇಜಾರಾಗತ್ತೆ ಸಾರ್' ಅಂದ. ಯಾರಿಗೆ ಎಂದು ನಾನು ಕೇಳಲಿಲ್ಲ.

ನಸುಗುಲಾಬಿ ಮೈ, ರೆಪ್ಪೆಯೇ ಇಲ್ಲದ ಕಪ್ಪು ಕಣ್ಣು, ತಲೆಯ ಎರಡೂ ಪಕ್ಕಕ್ಕೆ ಮೂರು ಮೂರು ಕೆಂಪು ಕಿವಿರು, ಮನೆಗೆ ಬೆಂಕಿ ಬಿದ್ದರೂ ನಗುತ್ತಲೇ ಇರುವ ಬಾಯಿ. ಅಮ್ಮ ಕನ್ನಡಕ ಏರಿಸಿ ನೋಡಿದರು. 'ಏನೋ ಇದು, ಹಲ್ಲಿಗೆ ಹೂ ಮುಡಿಸಿದ ಹಾಗಿದೆ.' ಹಲ್ಲಿಯಲ್ಲ ಅಜ್ಜಿ, ಸಲಮಾಂಡರ್, ಕಪ್ಪೆಯ ದಾಯಾದಿ ಎಂದು ಮಗಳು ಪಾಠ ಮಾಡಿದಳು. ಸಾಮಾನ್ಯವಾಗಿ ಸಲಮಾಂಡರ್‌ಗಳು ದೊಡ್ಡವಾದ ಮೇಲೆ ಕಿವಿರು ಬಿಟ್ಟು ನೆಲಕ್ಕೆ ಹತ್ತುತ್ತವೆ. ಇದು ಮಾತ್ರ ಬಾಲ್ಯ ಬಿಡುವುದಿಲ್ಲ. ತನಗೆ ಮರಿಗಳಾದರೂ ತಾನು ಮರಿಯ ರೂಪದಲ್ಲೇ ನೀರಿನಲ್ಲಿ ಉಳಿಯುತ್ತದೆ. 'ಇಂಥ ಗಂಡಸರನ್ನ ನಾನು ಕಂಡಿದೀನಿ' ಎಂದು ನನ್ನ ಹೆಂಡತಿ ಒಗ್ಗರಣೆ ಹಾಕುತ್ತಲೇ ಹೇಳಿದಳು. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

ಇದರ ತವರು ಮೆಕ್ಸಿಕೊ ನಗರದ ದಕ್ಷಿಣದಲ್ಲಿರುವ ಸೊಚಿಮಿಲ್ಕೊ ಎಂಬ ಕೆರೆ-ಕಾಲುವೆಗಳ ಪ್ರದೇಶ. ಅಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ 6,000ದಷ್ಟಿದ್ದವು 2014ರ ಹೊತ್ತಿಗೆ 36ಕ್ಕೆ ಇಳಿದವು. ಊರ ಕೊಳಚೆ ಕಾಲುವೆಗೆ ಬಂತು. ಜನರಿಗೆ ಆಹಾರವಾಗಲಿ ಎಂದು ಬಿಟ್ಟ ತಿಲಾಪಿಯ ಮತ್ತು ಕಾರ್ಪ್ ಮೀನುಗಳು ಇದರ ಮೊಟ್ಟೆ ಮರಿಗಳನ್ನು ತಿಂದವು. ಕೆರೆಯನ್ನು ಕೊಳಚೆ ಮಾಡಿ ಆಮೇಲೆ ಅದರ ಚಿತ್ರ ಅಂಟಿಸಿಕೊಳ್ಳುವುದು ಬೆಂಗಳೂರಿನವರಿಗೆ ಹೊಸದಲ್ಲ. ಮೆಕ್ಸಿಕೊದವರೂ 2021ರಲ್ಲಿ ಐವತ್ತು ಪೆಸೊ ನೋಟಿನ ಮೇಲೆ ಆಕ್ಸಲಾಟ್ಲ್ ಚಿತ್ರ ಹಾಕಿದರು. ಮೆಕ್ಸಿಕೊದಲ್ಲಿ ನೋಟಿನ ಮೇಲೆ ಇದು. ನಮ್ಮ ಮನೆಯಲ್ಲಿ ಇದರ ಮೇಲೆ ನೋಟು.

ಇಂಥ ವಿದೇಶಿ ಜೀವಗಳನ್ನು ಸಾಕುವವರು ಕೇಂದ್ರದ ಪರಿವೇಷ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಅದನ್ನೂ ಮಾಡಿದೆವು. ನನ್ನ ಆಧಾರಿನಲ್ಲಿ ಇಂದಿಗೂ ಹಳೆಯ ವಿಳಾಸವಿದೆ. ಇವುಗಳ ದಾಖಲೆ ಮಾತ್ರ ಪಕ್ಕಾ.

ಹೆಸರಿಟ್ಟವರು ಅಮ್ಮ. ರಾಮ, ಲಕ್ಷ್ಮಣ. ಒಂದು ರಾತ್ರಿ ಊಟದ ಹೊತ್ತಿಗೆ ರಾಮ ಲಕ್ಷ್ಮಣನ ಬಲಗೈಯನ್ನು ಮೊಣಕೈವರೆಗೆ ನುಂಗಿದ. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಆಕ್ಸಲಾಟ್ಲ್‌ಗೆ ಕಣ್ಣು ಮಂದ. ಮೂತಿಯ ಮುಂದೆ ಏನು ಅಲ್ಲಾಡಿದರೂ ಗಬಕ್ಕನೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುವುದೇ ಅದರ ಊಟದ ಪದ್ಧತಿ. ಎಳೆಯವನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಒಂದರ ಕೈಕಾಲು ಇನ್ನೊಂದಕ್ಕೆ ಫಲಾಹಾರ. ಬಲ್ಲವರಿಗೆಲ್ಲ ಗೊತ್ತಿರುವ ಈ ಸಂಗತಿ ನಮಗೆ ಗೊತ್ತಾದದ್ದು ರಾಮ ಎರಡನೇ ತುತ್ತಿಗೆ ಹೊರಟಾಗ. ಮಗಳು ಕಿರುಚಿದಳು. ನಾನು ಸಾರಿನ ಸೌಟು ಹಾಕಿ ಇಬ್ಬರನ್ನೂ ಬೇರೆ ಮಾಡಿದೆ. ಅಮ್ಮ ದೇವರ ಮನೆಯಿಂದ ಬಂದು ನೋಡಿ, 'ವಾಲಿ ಸುಗ್ರೀವ ಅಂತಿಡಬೇಕಿತ್ತು' ಅಂದರು. ಆ ಕ್ಷಣದಿಂದ ಹಾಗೇ ಆಯಿತು. ವಾಲಿಯನ್ನು ಮೇಲಿನ ಮಹಡಿಯ, ಮಗಳ ಗೆಳತಿಯ ಮನೆಗೆ ವನವಾಸಕ್ಕೆ ಕಳಿಸಿದೆವು. ಕೈ ಕಳೆದುಕೊಂಡ ಸುಗ್ರೀವ ನಮ್ಮ ಪಾಲಿಗೆ ಉಳಿದ, ಮೊದಲಿನಷ್ಟೇ ನಗುತ್ತ.

ಇಲ್ಲಿಗೆ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮದು ಸೀನಿದವನಿಗೆ ಮೂರು ಬಗೆಯ ಕಷಾಯ ಕುಡಿಸುವ ಮನೆ. ಕೈ ಹೋದವನನ್ನು ಸುಮ್ಮನೆ ಬಿಡುತ್ತೇವೆಯೇ?

ಅಮ್ಮ ಅರಿಶಿನದ ಬಟ್ಟಲು ಹಿಡಿದೇ ಬಂದರು. ಮಗಳು ತೊಟ್ಟಿಗೆ ಅಡ್ಡ ನಿಂತಳು. ಇದರ ಚರ್ಮ ತೀರಾ ತೆಳುವು, ಮೇಲೆ ಬಿದ್ದದ್ದೆಲ್ಲ ಒಳಗೆ ಹೋಗುತ್ತದೆ. ಅರಿಶಿನವಿರಲಿ, ಸೋಪಿನ ಕೈಯಲ್ಲೂ ಮುಟ್ಟುವಂತಿಲ್ಲ. ಅಮ್ಮನಿಗೆ ಅದು ಅವಮಾನ. 'ನಿಮ್ಮಪ್ಪನಿಗೆ ಸೈಕಲ್ ಚೈನ್ ಹೊಕ್ಕಿದ್ದಾಗ ಇದೇ ಅರಿಶಿನ ಹಚ್ಚಿದ್ದು, ಗೊತ್ತಾ?' ಬಟ್ಟಲು ಒಳಗೆ ಹೋಗಲಿಲ್ಲ. ಡೈನಿಂಗ್ ಟೇಬಲ್ಲಿನ ಮೇಲೆ ಸಮಯ ಕಾಯುತ್ತ ಕೂತಿತು.

ಹೆಂಡತಿಗೆ ನೀರಿನ ಚಿಂತೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕಿವಿರಿಗೆ ಉರಿ. ಬೋರ್‌ವೆಲ್ ನೀರು ಗಡಸು. ನಮ್ಮ ಗೀಸರನ್ನೂ ನನ್ನ ಕೂದಲನ್ನೂ ತೆಗೆದದ್ದು ಅದೇ. ಆದ್ದರಿಂದ ರೋಗಿಗೆ ನಾವು ಕುಡಿಯುವ ಆರ್‌ಓ ನೀರನ್ನೇ ಸುರಿದಳು. ಓದಿ ನೋಡಿದರೆ ತಿರುಗಾಮುರುಗಾ: ಆಕ್ಸಲಾಟ್ಲ್‌ಗೆ ಒಂದಿಷ್ಟು ಲವಣವಿರುವ ಗಡಸು ನೀರೇ ಹಿತ, ಎಲ್ಲ ಸೋಸಿ ತೆಗೆದ ಆರ್‌ಓ ನೀರು ಒಗ್ಗುವುದಿಲ್ಲ. ನಮ್ಮ ಬೋರಿನ ನೀರನ್ನು ಹೊಗಳುವ ಜೀವವೊಂದು ಈ ಭೂಮಿಯ ಮೇಲಿದೆ ಎಂದು ಕೇಳಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಬಂದು ಫೋಟೊ ತೆಗೆದುಕೊಂಡು ಹೋದರು.

ಆಮೇಲೆ ಬಿಸಿಲು. ಇದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿಯ ನೀರು. 24 ದಾಟಿದರೆ ಸಂಕಟ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಕರೆಂಟು ಹೋದ ಮಧ್ಯಾಹ್ನ ನಮ್ಮ ತೊಟ್ಟಿಯ ಥರ್ಮಾಮೀಟರು 27 ತೋರಿಸಿತು. ನೀರು ತಣಿಸುವ ಚಿಲ್ಲರ್ ಎಂಬ ಯಂತ್ರ ಸಿಗುತ್ತದೆ. ಬೆಲೆ ಕೇಳಿದ ಮೇಲೆ ಚಿಲ್ಲರ್ ಚಿಲ್ಲರೆ ಮಾತಲ್ಲವೆಂದು ಗೊತ್ತಾಯಿತು. ಅಷ್ಟು ಕೊಟ್ಟರೆ ನಮಗೇ ಒಂದು ಏಸಿ ಬರುತ್ತಿತ್ತು. ಉಳಿದ ದಾರಿ ಒಂದೇ: ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ ಸರದಿಯ ಮೇಲೆ ತೊಟ್ಟಿಯಲ್ಲಿ ತೇಲಿಬಿಡುವುದು. ಒಂದು ಕರಗುವ ಹೊತ್ತಿಗೆ ಇನ್ನೊಂದು. ರಾತ್ರಿ ಪಾಳಿ ನನ್ನದು. ಆಫೀಸಿನ ಮೀಟಿಂಗಿನಲ್ಲಿ ನಾನು ತೂಕಡಿಸುವುದನ್ನು ಕಂಡ ಮೇಲಧಿಕಾರಿ 'ಮನೇಲಿ ಚಿಕ್ಕ ಮಗುನಾ?' ಎಂದು ಕೇಳಿದರು. ಹೌದು ಅಂದೆ. ಸ್ವೀಟು ಕೇಳಿದರು.

ಸಮಾಜ ಪಾಠದಲ್ಲಿ ಆಗಷ್ಟೇ ಸುಗ್ರೀವಾಜ್ಞೆಯ ವಿಷಯ ಕಲಿತಿದ್ದ ಮಗಳು ಅದನ್ನೇ ತಲೆಬರಹ ಮಾಡಿ ಒಂದು ಹಾಳೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತೊಟ್ಟಿಯ ಹತ್ತಿರ ಟ್ಯೂಬ್‌ಲೈಟ್ ಹಾಕಬಾರದು, ಅವನಿಗೆ ರೆಪ್ಪೆ ಇಲ್ಲ. ಟೀವಿ ಸೌಂಡ್ ಕಮ್ಮಿ. ಅಜ್ಜಿ ಅರಿಶಿನದ ಸಮೇತ ಹಾಲಿಗೆ ಬರಬಾರದು. ಫ್ರೀಜರಿನ ಬಾಟಲಿಗಳನ್ನು ಸುಗ್ರೀವನಿಗಲ್ಲದೆ ಬೇರೆ ಯಾರಿಗೂ, ಯಾವ ಕಾರಣಕ್ಕೂ ತೆಗೆಯಬಾರದು. ಕೆಳಗೆ ಸಹಿ; ಪಕ್ಕದಲ್ಲಿ ನಾಲ್ಕು ಬೆರಳಿನ ಪುಟ್ಟ ಅಂಗೈ. ಉಳಿದಿರುವ ಎಡಗೈಯದು ಎಂದಳು.

ಸೆಕೆಯ ಫಲ ಆ ವಾರವೇ ಕಂಡಿತು. ಮೊಂಡು ತೋಳಿನ ತುದಿಯಲ್ಲಿ ಬಿಳಿ ಹತ್ತಿ. 'ಉಪ್ಪಿನಕಾಯಿಗೆ ಬರೋ ಬೂಷ್ಟೇ ಇದು, ಉಪ್ಪು ಕಮ್ಮಿಯಾದ್ರೆ ಬರತ್ತೆ' ಎಂದು ಅಮ್ಮ ದೂರದಿಂದಲೇ ತೀರ್ಪು ಕೊಟ್ಟರು. ಚಿಕಿತ್ಸೆ ನೋಡಿದರೆ ಅದೂ ಉಪ್ಪೇ. ಲೀಟರಿಗೆ ಎರಡು ಮೂರು ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ, ರೋಗಿಯನ್ನು ಹತ್ತು ನಿಮಿಷ ಅದ್ದಿ ತೆಗೆಯಬೇಕು. ಹೆಚ್ಚಾದರೆ ಕಿವಿರು ಸುಡುತ್ತದೆ. ಅಮ್ಮನ ಮುಖದಲ್ಲಿ ಕಳೆ ಬಂತು. ಅಯೋಡಿನ್ ಇಲ್ಲದ ಉಪ್ಪು ಕೇಳಿದರೆ ನಮ್ಮ ಬೀದಿಯ ದಿನಸಿ ಅಂಗಡಿಯವರು ನನ್ನನ್ನು ಆರೋಗ್ಯ ಇಲಾಖೆಯ ಗೂಢಚಾರನೆಂದು ತಿಳಿದು, ಅಂಥದ್ದು ತಾವು ಹುಟ್ಟಿದಾಗಿನಿಂದ ಮಾರಿಲ್ಲವೆಂದು ಆಣೆ ಮಾಡಿದರು.

ಉಪ್ಪಿನ ಸ್ನಾನದ ನಡುನಡುವೆ ಚಹಾ ಸ್ನಾನ. ತಮಾಷೆಯಲ್ಲ: ಹಾಲು ಸಕ್ಕರೆ ಹಾಕದ ತಿಳಿ ಕಪ್ಪು ಚಹಾದಲ್ಲಿರುವ ಟ್ಯಾನಿನ್ ಚರ್ಮಕ್ಕೆ ರಕ್ಷಣೆ ಎಂದು ಆಕ್ಸಲಾಟ್ಲ್ ಸಾಕುವವರು ನಂಬುತ್ತಾರೆ. ನಮ್ಮದು ಮೂರು ತಲೆಮಾರಿನ ಫಿಲ್ಟರ್ ಕಾಫಿಯ ಮನೆ. ಚಹಾ ಪುಡಿಯ ಪೊಟ್ಟಣ ಹೊಸಿಲು ದಾಟಿದ್ದು ಅದೇ ಮೊದಲು. ಮನೆಗೆ ಬಂದ ನೆಂಟರೊಬ್ಬರು ಒಲೆಯ ಮೇಲಿದ್ದದ್ದನ್ನು ನೋಡಿ, 'ನಂಗೂ ಅರ್ಧ ಲೋಟ ಚಹಾನೇ ಕೊಡಮ್ಮ' ಅಂದರು. 'ಅದು ಸ್ನಾನಕ್ಕೆ ಇಟ್ಟಿದ್ದು' ಎಂದು ಅಮ್ಮ ಸಹಜವಾಗಿ ಹೇಳಿ ಕಾಫಿ ಕೊಟ್ಟರು. ನೆಂಟರು ಲೋಟವನ್ನು ಮೂಸಿ ನೋಡಿಯೇ ಕುಡಿದರು.

ಈ ಗದ್ದಲದಲ್ಲಿ ಹೆಂಡತಿಯ ಥೈರಾಯ್ಡ್ ಮಾತ್ರೆಗೂ ಗಂಡಾಂತರ ಬಂತು. ಆಕ್ಸಲಾಟ್ಲ್ ಬೆಳೆದರೂ ಮರಿಯಾಗಿ ಉಳಿಯುವುದಕ್ಕೆ ಅದರ ಥೈರಾಯ್ಡ್ ಮಂದವಾಗಿರುವುದೇ ಕಾರಣ. 1920ರಲ್ಲಿ ಜೂಲಿಯನ್ ಹಕ್ಸ್‌ಲಿ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಅವಕ್ಕೆ ಥೈರಾಯ್ಡ್ ಗ್ರಂಥಿ ತಿನ್ನಿಸಿದ. ಅವು ಕಿವಿರು ಬಿಟ್ಟು ನೆಲದ ಪ್ರಾಣಿಗಳಾಗಿ ಎದ್ದು ನಡೆದವು. ಮಾತ್ರೆಯ ಸೀಸೆ ಇದ್ದದ್ದು ತೊಟ್ಟಿಯ ಮೇಲಿನ ಶೆಲ್ಫಿನಲ್ಲಿ. ಒಂದು ಮಾತ್ರೆ ಜಾರಿ ಬಿದ್ದು, ಬೆಳಿಗ್ಗೆ ಸುಗ್ರೀವ ಅಡುಗೆಮನೆಗೆ ನಡೆದು ಬಂದರೆ? ಸೀಸೆಯನ್ನು ನಾನು ಎಷ್ಟು ಭದ್ರವಾಗಿ ಎತ್ತಿಟ್ಟೆನೆಂದರೆ ಹೊಸ ಸೀಸೆ ಕೊಳ್ಳಬೇಕಾಯಿತು.

ಬೂಷ್ಟು ತಗ್ಗದಿದ್ದಾಗ ಫ್ರಿಜ್ಜಿನ ಸಲಹೆ ಬಂತು. ಐದರಿಂದ ಎಂಟು ಡಿಗ್ರಿಯಲ್ಲಿಟ್ಟರೆ ಬೂಷ್ಟಿನ ಆಟ ನಿಲ್ಲುತ್ತದಂತೆ, ರೋಗಿಗೆ ಏನೂ ಆಗುವುದಿಲ್ಲವಂತೆ. ಹಳೆಯ ಸಾಕಣೆದಾರರು ಬಹಳ ಕಾಲದಿಂದ ಮಾಡಿಕೊಂಡು ಬಂದ ಕ್ರಮ. ಆದರೆ ನಮ್ಮ ಫ್ರಿಜ್ಜು ಅಮ್ಮನ ಮಡಿಯ ವ್ಯಾಪ್ತಿಗೆ ಸೇರಿದ್ದು. ಅದರೊಳಗೆ ಮೊಟ್ಟೆಯ ಟ್ರೇ ಅಂತಿರುವುದರಲ್ಲಿ ಇಂದಿಗೂ ನಿಂಬೆಹಣ್ಣು ಇಡುತ್ತೇವೆ. ಸಂಧಾನಕ್ಕೆ ಕೂತಾಗ ಮಗಳು ಒಂದು ಬಾಣ ಬಿಟ್ಟಳು. ಮೆಕ್ಸಿಕೊದ ಪಾಟ್ಸ್‌ಕ್ವಾರೊ ಊರಿನ ಒಂದು ಮಠದಲ್ಲಿ ಸನ್ಯಾಸಿನಿಯರು ಇದರ ದಾಯಾದಿಯೊಂದನ್ನು ತೊಟ್ಟಿಗಳಲ್ಲಿ ಸಾಕುತ್ತಾರೆ, ಅದರಿಂದ ಕೆಮ್ಮಿನ ಸಿರಪ್ ಮಾಡುತ್ತ ಬಂದಿದ್ದಾರೆ. ಅದು ನಿಜವೇ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. 'ಮಠದಲ್ಲೇ ಇಟ್ಕೊಂಡಿದಾರೆ ಅಂದ್ಮೇಲೆ... ಕೆಳಗಿನ ಶೆಲ್ಫಿನಲ್ಲಿ ಇಡು. ದೋಸೆಹಿಟ್ಟಿಗೆ ತಾಗಬಾರದು.' ಸುಗ್ರೀವ ಬಿಳಿಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಕಿಷ್ಕಿಂಧೆ ಪ್ರವೇಶ ಮಾಡಿದ. ದಿನವೂ ನೀರು ಬದಲಿಸಬೇಕು, ಬದಲಿಸುವ ನೀರೂ ಅಷ್ಟೇ ತಣ್ಣಗಿರಬೇಕು. ಹಾಗಾಗಿ ಪಕ್ಕದಲ್ಲಿ ಅವನ ನಾಳೆಯ ನೀರಿನ ಡಬ್ಬಿ. ಮೊಸರು, ಸೊಪ್ಪು, ಕೊಬ್ಬರಿ ಚಟ್ನಿ ಎಲ್ಲ ಮೇಲಿನ ಶೆಲ್ಫಿಗೆ ಬಡ್ತಿ ಪಡೆದವು.

ಅರಸೀಕೆರೆಯಿಂದ ನನ್ನ ಸೋದರಮಾವ ತಮ್ಮ ಮಗಳ ಮದುವೆಯ ಕರೆಯೋಲೆ ಕೊಡಲು ಬಂದದ್ದು ಆಗಲೇ. ನಿವೃತ್ತ ಹೆಡ್‌ಮಾಸ್ಟರು. ಜೀವಮಾನದಲ್ಲಿ ಯಾರಿಗೂ ಹೆದರಿದವರಲ್ಲ, ಹೆದರಿಸಿ ಪಿಂಚಣಿ ಪಡೆದವರು. ನಡುರಾತ್ರಿ ಮಜ್ಜಿಗೆಗೆಂದು ಎದ್ದು, ಬಿಳಿ ಡಬ್ಬಿ ಕಂಡರೆ ಮೊಸರಿನದೇ ಎಂದುಕೊಂಡು ಮುಚ್ಚಳ ತೆಗೆದು ಸೌಟು ಇಳಿಸಿದರು. ಒಳಗಿನಿಂದ ಒಂದು ಮುಖ ನಿಧಾನವಾಗಿ ಮೇಲೆ ಬಂತು. ಅದು ನಗುತ್ತಿತ್ತು.

'ಅಕ್ಕಾ! ನಿಮ್ಮನೆ ಮೊಸರಿಗೆ ಕಣ್ಣಿದೆ ಕಣೇ!'

ಇಡೀ ಅಪಾರ್ಟ್‌ಮೆಂಟಿನ ದೀಪಗಳು ಹೊತ್ತಿಕೊಂಡವು. ನಾನು ಓಡಿ ಬರುವಷ್ಟರಲ್ಲಿ ಮಾವ ಸೌಟನ್ನು ಗದೆಯ ಭಂಗಿಯಲ್ಲಿ ಹಿಡಿದು ಗೋಡೆಗೆ ಒರಗಿದ್ದರು. ಮಗಳು ಡಬ್ಬಿಯತ್ತ ಓಡಿದಳು, ಅಮ್ಮ ತಮ್ಮನತ್ತ, ನನ್ನ ಹೆಂಡತಿ ಪಕ್ಕದ ಮನೆಯವರಿಗೆ ಸಮಾಧಾನ ಹೇಳಲು. ಇಡೀ ಮನೆಯಲ್ಲಿ ವಿಚಲಿತನಾಗದೆ ಇದ್ದವನು ಸುಗ್ರೀವನೊಬ್ಬ. ಮಾವ ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟರು. ಕರೆಯೋಲೆಯ ಲಕೋಟೆಯ ಮೇಲೆ 'ಕುಟುಂಬ ಸಮೇತ' ಎಂದಿದ್ದುದನ್ನು ಪೆನ್ನು ತೆಗೆದುಕೊಂಡು ಹೊಡೆದುಹಾಕಿ, ಎಷ್ಟು ಜನ ಬರಬೇಕೆಂದು ಒಬ್ಬೊಬ್ಬರ ಹೆಸರಾಗಿ ಬರೆದುಕೊಟ್ಟರು.

ರೋಗಿಗೆ ಊಟವೂ ಆಗಬೇಕಲ್ಲ. ಗುಳಿಗೆ ಮುಟ್ಟಲಿಲ್ಲ. ಎರೆಹುಳುವೇ ಶ್ರೇಷ್ಠ ಎಂದು ಎಲ್ಲರ ಒಮ್ಮತ. ಚಾತುರ್ಮಾಸ್ಯದಲ್ಲಿ ಈರುಳ್ಳಿಯನ್ನೂ ಬಿಡುವ ಮನೆಯ ಯಜಮಾನ ಹುಳು ಹುಡುಕಲು ಹೊರಟೆ. ನರ್ಸರಿಯಿಂದ ಎರೆಗೊಬ್ಬರದ ಕೆಂಪು ಹುಳು ತಂದದ್ದಾಯಿತು. ಆ ಜಾತಿ ಹೆದರಿದಾಗ ಕಹಿಯಾದ ಹಳದಿ ರಸ ಬಿಡುತ್ತದೆ, ಸುಗ್ರೀವ ಬಾಯಿಗೆಳೆದುಕೊಂಡಷ್ಟೇ ವೇಗದಲ್ಲಿ ಉಗಿದ. ಸರಿ, ಮಳೆ ಬಿದ್ದ ಒಂದು ಸಂಜೆ ಮೊಬೈಲ್ ಟಾರ್ಚ್ ಹಿಡಿದು ಬಡಾವಣೆಯ ಪಾರ್ಕಿನ ಹುಲ್ಲಿನಲ್ಲಿ ಮಂಡಿಯೂರಿದೆ. ಸಿಮೆಂಟು ದಾರಿಯಲ್ಲಿ ಸುತ್ತು ಹಾಕುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ನಿಂತರು.

'ಏನ್ ಸಾರ್ ಬಿತ್ತು?'

'ಕೀ' ಅಂದೆ.

'ಮನೇದಾ, ಸ್ಕೂಟರ್‌ದಾ?'

'ಬೀರೂದು.'

ಬೀರುವಿನ ಕೀ ಎಂದರೆ ಒಡವೆ ಎಂದರ್ಥ. ವಾಕಿಂಗ್ ಗೆಳೆಯರ ಬಳಗ ಪೂರ್ತಿ ನಿಂತಿತು. ಹತ್ತಾರು ಟಾರ್ಚುಗಳು ಬೆಳಗಿದವು. ಆ ಬೆಳಕಿನಲ್ಲಿ ಎಂಥೆಂಥ ಎರೆಹುಳುಗಳು ಕಂಡವು ಅಂತೀರಿ! ಕೊಬ್ಬಿದವು, ಉದ್ದದವು, ನಿರ್ಭಯವಾಗಿ ಹರಿಯುತ್ತಿದ್ದವು. ಒಂದನ್ನೂ ಮುಟ್ಟುವಂತಿಲ್ಲ. ಹಿರಿಯರೊಬ್ಬರು ಸಂತ ಅಂತೋಣಿಗೆ ಹರಕೆ ಹೊತ್ತರೆ ಕಳೆದದ್ದು ಸಿಗುತ್ತದೆಂದರು, ಇನ್ನೊಬ್ಬರು ಕಾರ್ತವೀರ್ಯಾರ್ಜುನನ ಮಂತ್ರ ಹೇಳತೊಡಗಿದರು. ಅಷ್ಟರಲ್ಲಿ ಮಲ್ಲಿಗೆ ಬಳ್ಳಿಯ ಕೆಳಗಿನಿಂದ 'ಸಿಕ್ತು!' ಎಂಬ ಕೂಗು. ಯಾರದೋ ತುಕ್ಕು ಹಿಡಿದ ಕೀ. ಚಪ್ಪಾಳೆಯ ನಡುವೆ ಅದನ್ನು ಕಣ್ಣಿಗೊತ್ತಿಕೊಂಡು ಬರಿಗೈಯಲ್ಲಿ ಮನೆಗೆ ಬಂದೆ. ಅದು ಯಾವ ಬೀಗದ್ದೋ, ಈಗಲೂ ನಮ್ಮ ಹಾಲಿನ ಮೊಳೆಯಲ್ಲಿ ನೇತಾಡುತ್ತಿದೆ. ಹುಳುವನ್ನು ಕೊನೆಗೆ ದೊಡ್ಡಬಳ್ಳಾಪುರದ ಕಡೆಯ ತೋಟದ ಗೆಳೆಯನೊಬ್ಬ ಡಬ್ಬಿಯಲ್ಲಿ ಕಳಿಸಿಕೊಟ್ಟ. ಡಬ್ಬಿಯ ಮೇಲೆ 'ಅಪ್ಪೆಮಿಡಿ' ಎಂದು ಬರೆದಿದ್ದ ಅವನ ಮುನ್ನೆಚ್ಚರಿಕೆಯನ್ನು ಮಾತ್ರ ಮೆಚ್ಚಲಾರೆ. ಅಮ್ಮ ಮುಚ್ಚಳ ತೆಗೆದರು ಎಂದಷ್ಟೇ ಹೇಳಬಲ್ಲೆ.

ಕಡೆಗೆ ಇಂಥ ಪ್ರಾಣಿಗಳನ್ನು ಬಲ್ಲ ವೈದ್ಯರೊಬ್ಬರು ಊರಿನ ಆ ತುದಿಯಲ್ಲಿ ಸಿಕ್ಕರು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡಬ್ಬಿ ಇಟ್ಟುಕೊಂಡು ಆಟೊ ಹತ್ತಿದೆ. 'ಕೇಕಾ ಸಾರ್?' ಎಂದು ಡ್ರೈವರು ಕೇಳಿದ. ಪೇಷಂಟು ಅಂದೆ. ಅಲ್ಲಿಂದ ಅವನು ಹಿಂದೆ ತಿರುಗಲೇ ಇಲ್ಲ.

ವೈದ್ಯರು ಡಬ್ಬಿಯನ್ನು ನೋಡಿದ್ದಕ್ಕಿಂತ ನಮ್ಮ ಚಿಕಿತ್ಸೆಯ ಪಟ್ಟಿಯನ್ನು ಓದಿದ್ದೇ ಹೆಚ್ಚು ಹೊತ್ತು. ಉಪ್ಪು, ಚಹಾ, ಆರ್‌ಓ ನೀರು, ಫ್ರಿಜ್. 'ಅರಿಶಿನ ಯಾಕೆ ಹಾಕಿ ಹೊಡೆದುಹಾಕಿದೀರಿ?' ಎಂದು ಕೇಳಿದರು. ಅಮ್ಮ ಬರೆಸಿದ್ದು, ಮಗಳು ಹೊಡೆದದ್ದು ಎಂದೆ. ಅವರು ಕನ್ನಡಕ ತೆಗೆದಿಟ್ಟು ಹೇಳಿದರು: 'ಫ್ರಿಜ್ ಬೇಡ, ಹಠಾತ್ತನೆ ತಣ್ಣಗಾದ್ರೆ ಅದಕ್ಕೇ ಕಷ್ಟ, ಈಗ ಯಾರೂ ಅಷ್ಟಾಗಿ ಹೇಳೋದಿಲ್ಲ. ನಿಧಾನಕ್ಕೆ ಹೊರಗೆ ತನ್ನಿ. ತಂಪಾದ ಶುದ್ಧ ನೀರು, ದಿನಾ ಬದಲಿಸಿ. ಉಪ್ಪುನೀರು ಇನ್ನು ಸ್ವಲ್ಪ ದಿವಸ. ಅಷ್ಟೇ.'

'ಔಷಧಿ ಏನೂ ಇಲ್ವಾ ಡಾಕ್ಟ್ರೆ?'

'ಇದೆ. ನೀವು ಸುಮ್ಮನಿರೋದು.'

ಬರೆದುಕೊಡುತ್ತೀರಾ ಎಂದು ಕೇಳಿದೆ, ಮನೆಯಲ್ಲಿ ತೋರಿಸಲು. ಬರೆದೂ ಕೊಟ್ಟರು.

ನಾವು ಕೈ ಕಟ್ಟಿ ಕೂತೆವು. ಸುಗ್ರೀವ ಕೈ ಬೆಳೆಸಿದ. ಮೊದಲು ಮೊಂಡು ತುದಿಯಲ್ಲಿ ಒಂದು ಮೊಗ್ಗು ಬಂತು, ಅದು ಚಪ್ಪಟೆಯಾಯಿತು, ಚಪ್ಪಟೆಯ ಅಂಚಿನಲ್ಲಿ ಸೀಳು ಕಂಡಿತು, ಸೀಳುಗಳ ನಡುವಿನಿಂದ ಪಾರದರ್ಶಕವಾದ ಬೆರಳುಗಳು ಹೊರಟವು. ಮುಂಗಾಲಿಗೆ ನಾಲ್ಕೇ ಬೆರಳು ಸಾಕು, ಐದು ಇರುವುದು ಹಿಂಗಾಲಿಗೆ. ಇದು ಗೊತ್ತಿಲ್ಲದ ಅಮ್ಮ ಐದನೆಯದಕ್ಕೆ ಬಹಳ ದಿನ ಕಾದರು. ಹೊಸ ಕೈ ಮೊದಮೊದಲು ಹಳೆಯದಕ್ಕಿಂತ ಚಿಕ್ಕದಿತ್ತು, ಆಮೇಲೆ ಅಳತೆಗೆ ಬಂತು. ಇಂಥ ಕೆಲಸವನ್ನು ಅವನು ಒಂದು ಗುಟುಕು ಕಷಾಯವಿಲ್ಲದೆ, ನೀರಿನಡಿ ಬಿದ್ದುಕೊಂಡು ಮುಗಿಸಿದ್ದು ನಮ್ಮ ಮನೆಯ ವೈದ್ಯ ಪರಂಪರೆಗೆ ಸ್ವಲ್ಪ ಮುಜುಗರವನ್ನೇ ತಂದಿತು.

ನನ್ನ ಬಲಭುಜ ಹಿಡಿದುಕೊಂಡದ್ದು ಅದೇ ಸುಮಾರಿಗೆ. ದಿನವೂ ಬಕೆಟ್ಟು ಎತ್ತಿದ್ದು, ಬಾಟಲಿ ಬದಲಿಸಲು ರಾತ್ರಿಯೆಲ್ಲ ತೊಟ್ಟಿಗೆ ಕೈ ಚಾಚಿದ್ದು ಎಲ್ಲ ಸೇರಿ ತೋಳು ಕಿವಿಯ ಮಟ್ಟಕ್ಕೂ ಏಳದಾಯಿತು. ಮೂಳೆ ಡಾಕ್ಟರು ನೋವಿಗೆ ಐಸ್ ಇಡಿ ಅಂದರು. ಮನೆಗೆ ಬಂದು ಎಡಗೈಯಲ್ಲಿ ಫ್ರೀಜರ್ ತೆಗೆದೆ. ಕಲ್ಲಾದ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ ಕೈ ಹಾಕಿದೆನೋ ಇಲ್ಲವೋ, ಹಿಂದಿನಿಂದ ಮಗಳ ಧ್ವನಿ: 'ಅಪ್ಪಾ, ಬಾಗಿಲ ಮೇಲೆ ಏನಿದೆ ಓದು.'

'ಒಂದೇ ಒಂದು, ಪುಟ್ಟಿ.'

'ಯಾವ ಕಾರಣಕ್ಕೂ ಅಂತ ಬರ್ದಿದೀನಿ.'

ಹೆಂಡತಿ ಕಾಯ್ದೆಯ ಪರ ನಿಂತಳು. ತೊಟ್ಟಿಯೊಳಗಿನಿಂದ ಸುಗ್ರೀವ ಹೊಸ ಕೈಯನ್ನು ಗಾಜಿಗೆ ಊರಿಕೊಂಡು ನೋಡುತ್ತಿದ್ದ. ನಾನು ಬಾಟಲಿಯನ್ನು ವಾಪಸ್ಸಿಟ್ಟು ತಿರುಗುವಷ್ಟರಲ್ಲಿ ಅಮ್ಮ ಎದುರಿಗೇ ನಿಂತಿದ್ದರು. ಕೈಯಲ್ಲಿ ಅರಿಶಿನದ ಬಟ್ಟಲು. ಎಣ್ಣೆ ಹಾಕಿ, ಕುದಿಸಿ, ಆಗಲೇ ಹದ ಮಾಡಿಯಾಗಿತ್ತು.

'ಅಮ್ಮ, ಬೇಡ, ಸುಡತ್ತೆ' ಅಂದೆ.

'ಅಂಗಿ ಬಿಚ್ಚೋ. ನಿನ್ನ ಚರ್ಮ ಏನೂ ತೆಳುವಿಲ್ಲ.'